ಶೇ 96 ನಿಖರತೆ, ಆದರೆ ಅಪ್ಪನ ತೋಟ ಅರ್ಧ ಕಾಡು: ಈ ನಕ್ಷೆಯನ್ನು ಸಮ್ಮೇಳನಕ್ಕೆ ಕಳಿಸಬಹುದೇ?

ಪ್ರಶ್ನೆ: ನಮ್ಮೂರು ಹೊಸನಗರ ತಾಲ್ಲೂಕು. ಶಿವಮೊಗ್ಗದಲ್ಲಿ ಪಿಎಚ್‌.ಡಿ. ಎರಡನೇ ವರ್ಷದಲ್ಲಿದ್ದೇನೆ. ತೀರ್ಥಹಳ್ಳಿ–ಹೊಸನಗರ ಭಾಗದ ಅಡಿಕೆ ತೋಟಗಳ ನಕ್ಷೆಯನ್ನು ಸೆಂಟಿನೆಲ್‌-2 ಉಪಗ್ರಹದ 2021 ಮತ್ತು 2023ರ ಡಿಸೆಂಬರ್ ಚಿತ್ರಗಳಿಂದ, ರ‍್ಯಾಂಡಮ್ ಫಾರೆಸ್ಟ್ ಎಂಬ ಯಂತ್ರಕಲಿಕೆ ವಿಧಾನದಲ್ಲಿ ಮಾಡಿದ್ದೇನೆ. ಇಳಿಜಾರಿಗಾಗಿ 12.5 ಮೀಟರಿನ ಆಲೋಸ್ ಡಿಇಎಂ (ನೆಲದ ಎತ್ತರದ ಡಿಜಿಟಲ್ ನಕ್ಷೆ) ಸೇರಿಸಿದ್ದೇನೆ. 42 ತೋಟಗಳ ಅಂಚನ್ನು ಮೊಬೈಲ್ ಹಿಡಿದು ಸುತ್ತಿ ಗುರುತು ಮಾಡಿದೆ. ಅದರಿಂದ ಅಡಿಕೆಗೆ ಸುಮಾರು 2,600 ಪಿಕ್ಸೆಲ್ (ಚಿತ್ರದ ಚೌಕ) ಸಿಕ್ಕಿತು. ಶೇ 70 ತರಬೇತಿಗೆ, ಶೇ 30 ಪರೀಕ್ಷೆಗೆ. ನಿಖರತೆ 96.2, ಕಪ್ಪಾ (ಆಕಸ್ಮಿಕ ಹೊಂದಾಣಿಕೆ ಕಳೆದು ನೋಡುವ ಸೂಚಕ) 0.94 ಬಂತು. ಆದರೆ ಆ 42ರಲ್ಲಿ ಸೇರದ ನಮ್ಮ ಮನೆಯ ತೋಟ ನಕ್ಷೆಯಲ್ಲಿ ಅರ್ಧ ಕಾಡು ಎಂದು ಬಂದಿದೆ! ಸರ್ವೆ ಆಫ್ ಇಂಡಿಯಾದ ಹಳೇ ನಕ್ಷೆ ಹಾಳೆ (ಟೋಪೋಶೀಟ್) ಮೇಲಿಟ್ಟರೆ ತೋಟ ಹಳ್ಳದ ಆಚೆ ದಡಕ್ಕೆ ಹೋಗುತ್ತದೆ. ಗೈಡ್ ‘96 ಇದೆಯಲ್ಲ, ಕಳಿಸು, ಥೀಸಿಸ್‌ಗೆ ಹೇಗೂ ಎರಡು ಸಮ್ಮೇಳನ ಕಡ್ಡಾಯ’ ಎನ್ನುತ್ತಾರೆ. ಒಂದು ರಾಷ್ಟ್ರೀಯ ಸಮ್ಮೇಳನಕ್ಕೆ ಸಾರಾಂಶ ಕಳಿಸಲು ಇನ್ನು ಮೂರು ವಾರ ಇದೆ. ಈ ನಡುವೆ ‘ಸ್ಕೋಪಸ್ ಇಂಡೆಕ್ಸ್ಡ್, ಎರಡು ದಿನದಲ್ಲಿ ಒಪ್ಪಿಗೆ, ಶುಲ್ಕ 9,500 ರೂ.’ ಎಂಬ ಮೇಲ್ ಕೂಡ ಬಂದಿದೆ (ಸ್ಕೋಪಸ್ ಎಂದರೆ ಸಂಶೋಧನಾ ಪ್ರಬಂಧಗಳ ಅಂತರರಾಷ್ಟ್ರೀಯ ಸೂಚಿ). ಯಾವುದಕ್ಕೆ ಕಳಿಸಲಿ? ಕಳಿಸಲೇಬೇಕೇ?

ಉತ್ತರ: ರಾಷ್ಟ್ರೀಯ ಸಮ್ಮೇಳನಕ್ಕೆ ಕಳಿಸಿ, ಆದರೆ 96.2 ಅನ್ನು ಮನೆಯಲ್ಲೇ ಬಿಟ್ಟು ಕಳಿಸಿ. ಎರಡು ದಿನದ ಒಪ್ಪಿಗೆಯ ಮೇಲ್‌ಗೆ ಉತ್ತರ ಬರೆಯುವ ಶ್ರಮವೂ ಬೇಡ. ನಿಮ್ಮ ಪತ್ರದಲ್ಲಿ ಪ್ರಬಂಧವಾಗುವ ತೂಕ ಇರುವುದು ಒಂದೇ ಸಾಲಿಗೆ, ಅಪ್ಪನ ತೋಟ ಅರ್ಧ ಕಾಡಾಗಿದೆ ಎಂಬ ಸಾಲಿಗೆ. ಮಲೆನಾಡಿನ ನಕ್ಷೆ ಮಾಡಿದ ಯಾರಿಗೂ ಆ ಸಾಲು ಹೊಸದಲ್ಲ. ಬಹಳ ಮಂದಿ ಅದನ್ನು ಬರೆಯುವುದಿಲ್ಲ, ಅಷ್ಟೇ.

96 ಎಲ್ಲಿಂದ ಬಂತು

ಸೆಂಟಿನೆಲ್‌-2ರ ಒಂದು ಪಿಕ್ಸೆಲ್ 10 ಮೀಟರ್ ಉದ್ದ, 10 ಮೀಟರ್ ಅಗಲ, ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 33 ಅಡಿಗೆ 33 ಅಡಿ, ಸುಮಾರು 101 ಚದರ ಮೀಟರ್. ಹಾಗಾಗಿ ಒಂದು ಪಿಕ್ಸೆಲ್ ಎಂದರೆ ಒಂದು ಗುಂಟೆ ಎಂದುಕೊಳ್ಳಿ, ಲೆಕ್ಕ ಸುಲಭ. 2,600 ಪಿಕ್ಸೆಲ್ ಎಂದರೆ 65 ಎಕರೆ. 42 ತೋಟಕ್ಕೆ ಹಂಚಿದರೆ ತೋಟಕ್ಕೆ ಒಂದೂವರೆ ಎಕರೆ, ಸುಮಾರು 62 ಪಿಕ್ಸೆಲ್.

ಈ 62ರಲ್ಲಿ ಕಣ್ಣು ಮುಚ್ಚಿ 43 ತರಬೇತಿಗೆ, 19 ಪರೀಕ್ಷೆಗೆ ತೆಗೆದಿರಿ. ಪರೀಕ್ಷೆಯ ಪ್ರತಿ ಪಿಕ್ಸೆಲ್‌ನ ಎಡಕ್ಕೋ ಬಲಕ್ಕೋ ತರಬೇತಿಯ ಪಿಕ್ಸೆಲ್ ಒಂದು ಕೂತಿರುತ್ತದೆ. ಅದೇ ಮಣ್ಣು, ಅದೇ ವಯಸ್ಸಿನ ಮರ, ಅದೇ ನೆರಳು. ಮಂಡಿಯಲ್ಲಿ ಒಂದೇ ಚೀಲಕ್ಕೆ ಎರಡು ಸಲ ಕೈ ಹಾಕಿ, ಎರಡು ಸಲವೂ ರಾಶಿ ದರ್ಜೆಯ ಅಡಿಕೆಯೇ ಬಂತೆಂದು ಲಾರಿ ತುಂಬ ರಾಶಿಯೇ ಇದೆ ಎಂದ ಹಾಗಾಯಿತು. ನಿಮ್ಮ 96.2 ಆ 42 ತೋಟಗಳ ಒಳಗೆ ಮಾತ್ರ ನಿಜ. ನಿಮ್ಮ ಮನೆಯ ತೋಟ ಆ ಚೀಲದ ಹೊರಗಿತ್ತು.

‘ಪಿಕ್ಸೆಲ್ ಸಂಖ್ಯೆ ಹೆಚ್ಚಿಸಿದರೆ ಸರಿಹೋಗುತ್ತದೆ’ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಅದೇ 42 ತೋಟದಿಂದ 10,000 ಪಿಕ್ಸೆಲ್ ತೆಗೆದರೂ ನಿಮ್ಮ ಬಳಿ ಇರುವುದು 42 ಮಾದರಿಗಳೇ. ಮೇಲಾಗಿ ಆ ತೋಟಗಳು ಬಹುಶಃ ರಸ್ತೆ ಹತ್ತಿರದವು, ಪರಿಚಯದವರವು, ಬಿಸಿಲು ಚೆನ್ನಾಗಿ ಬೀಳುವ ಅಗಲ ಕಣಿವೆಯವು. ಕೊರಕಲು ಹಳ್ಳದ ಸಂದಿಯ ತೋಟಕ್ಕೆ ಇಂಬಳ ಕಚ್ಚಿಸಿಕೊಂಡು ಹೋಗುವವರು ಕಡಿಮೆ.

ಸರಿಪಡಿಸುವ ಕ್ರಮ ಸರಳ. ವಿಂಗಡಣೆಯನ್ನು ಪಿಕ್ಸೆಲ್ ಮೇಲೆ ಮಾಡದೆ ತೋಟದ ಮೇಲೆ ಮಾಡಿ. ಇನ್ನೂ ಒಳ್ಳೆಯದೆಂದರೆ ಹತ್ತಿರ ಹತ್ತಿರದ 7 ತೋಟಗಳನ್ನು ಒಂದು ಗುಂಪು ಮಾಡಿ 6 ಗುಂಪು ಕಟ್ಟಿ. ಕಾಡು, ಗದ್ದೆ, ಬ್ಯಾಣದ (ಹುಲ್ಲುಗಾವಲಿನ) ಮಾದರಿಗಳನ್ನೂ ಅದೇ ಸೀಮೆಗಳ ಪ್ರಕಾರ ಗುಂಪಿಗೆ ಹಾಕಿ. ಪ್ರತಿ ಸಲ ಒಂದು ಗುಂಪನ್ನು ಪೂರ್ತಿ ಪಕ್ಕಕ್ಕಿಟ್ಟು, ಉಳಿದ ಐದರಿಂದ ಕಲಿಸಿ, ಪಕ್ಕಕ್ಕಿಟ್ಟದ್ದರ ಮೇಲೆ ಪರೀಕ್ಷಿಸಿ. ಆರು ಸಲ ಓಡಿಸಿ, ಆರೂ ಅಂಕಿಗಳನ್ನು ಬರೆಯಿರಿ. ಸರಾಸರಿ ಮಾತ್ರ ಕೊಟ್ಟರೆ ಯಾವ ಸೀಮೆಯಲ್ಲಿ ಕೆಟ್ಟಿತು ಎನ್ನುವುದು ಮುಚ್ಚಿಹೋಗುತ್ತದೆ. ಅಂಕಿ ಹತ್ತು–ಹದಿನೈದು ಇಳಿದರೆ ಗಾಬರಿ ಬೇಡ, ಅದು ನಿಮ್ಮ ನಕ್ಷೆಯ ನಿಜವಾದ ಅಂಕಿಗೆ ಹತ್ತಿರ.

ಒಟ್ಟು ನಿಖರತೆಯ ಬಗ್ಗೆ ಇನ್ನೊಂದು ಮಾತು. 1,000 ಪರೀಕ್ಷಾ ಬಿಂದುಗಳಲ್ಲಿ 800 ಕಾಡು, 100 ಅಡಿಕೆ, 100 ಗದ್ದೆ ಮತ್ತು ಇತರೆ ಇವೆ ಎನ್ನಿ. ಅಡಿಕೆ ಎಂಬ ಬೆಳೆಯೇ ಇಲ್ಲ ಎಂದು ಅಡಿಕೆಯ 100ನ್ನೂ ಕಾಡಿಗೆ ಸೇರಿಸಿ, ಉಳಿದದ್ದನ್ನು ಸರಿಯಾಗಿ ಗುರುತಿಸಿದರೂ ಶೇ 90 ಬರುತ್ತದೆ. ಅಡಿಕೆಯ ನಕ್ಷೆಗೆ ಅಡಿಕೆಯದೇ ಎರಡು ಅಂಕಿ ಬೇಕು: ನಕ್ಷೆ ಅಡಿಕೆ ಎಂದ ಜಾಗಗಳಲ್ಲಿ ನಿಜಕ್ಕೂ ಅಡಿಕೆ ಎಷ್ಟು (ಯೂಸರ್ಸ್ ಅಕ್ಯುರೆಸಿ), ನೆಲದ ಮೇಲಿರುವ ಅಡಿಕೆಯಲ್ಲಿ ನಕ್ಷೆ ಹಿಡಿದದ್ದು ಎಷ್ಟು (ಪ್ರೊಡ್ಯೂಸರ್ಸ್ ಅಕ್ಯುರೆಸಿ). ಕಪ್ಪಾ ಈ ಎರಡನ್ನೂ ಹೇಳುವುದಿಲ್ಲ. ಅದನ್ನು ಬಿಟ್ಟುಬಿಟ್ಟರೂ ತಿಳಿದ ವಿಮರ್ಶಕರು ಕೇಳುವುದಿಲ್ಲ.

ತೋಟ ಕಾಡಾಗಿ ಕಾಣುವುದೇಕೆ

ಕಾರಣ ಒಂದಲ್ಲ, ನಿಮ್ಮ ವಿಧಾನದಲ್ಲೇ ನಾಲ್ಕು ಕಾಣುತ್ತಿವೆ.

ಮೊದಲನೆಯದು ಅಂಚು. ಅಡಿಕೆ ಮರಗಳ ಕೆಳಗೆ ಮೊಬೈಲ್ ಜಿಪಿಎಸ್‌ಗೆ ಆಕಾಶ ಚೂರುಚೂರಾಗಿ ಕಾಣುತ್ತದೆ. ಬಯಲಿನಲ್ಲಿ 3–5 ಮೀಟರ್ ಇದ್ದ ತಪ್ಪು ತೋಟದೊಳಗೆ, ಪಕ್ಕದಲ್ಲಿ ದರೆ ಇದ್ದರಂತೂ, 10 ಮೀಟರ್ ದಾಟುವುದು ಮಾಮೂಲು. ಅಂದರೆ ಒಂದು ಪಿಕ್ಸೆಲ್. ನಿಮ್ಮ ಒಂದೂವರೆ ಎಕರೆ ತೋಟವನ್ನು 8ಕ್ಕೆ 8 ಪಿಕ್ಸೆಲ್‌ನ ಚೌಕವೆಂದು ಎಣಿಸಿ: ಒಟ್ಟು 64, ಅಂಚಿನವು 28. ಹೆಚ್ಚುಕಡಿಮೆ ಅರ್ಧ! ಆ ಅಂಚಿನ ಗುಂಟೆಗಳಲ್ಲಿ ಬೇಲಿಸಾಲಿನ ಮರ, ಹಳ್ಳದ ದಡ, ಪಕ್ಕದ ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ಕಡಿಯುವ ಕಾಡು) ಎಲ್ಲ ಬೆರೆತಿರುತ್ತವೆ. ಅವನ್ನೆಲ್ಲ ‘ಅಡಿಕೆ’ ಎಂದು ಕಲಿಸಿದ್ದೀರಿ. ಯಂತ್ರ ಗೊಂದಲಗೊಂಡದ್ದರಲ್ಲಿ ಅದರ ತಪ್ಪೇನಿಲ್ಲ. ನಕ್ಷೆಯ ತಂತ್ರಾಂಶ ಕ್ಯೂಜಿಐಎಸ್‌ನ ಬಫರ್ ಉಪಕರಣದಲ್ಲಿ ದೂರಕ್ಕೆ −10 ಎಂದು ಕೊಟ್ಟು ಪ್ರತಿ ತೋಟವನ್ನು ಒಳಕ್ಕೆ ಕುಗ್ಗಿಸಿ. 36 ಪಿಕ್ಸೆಲ್ ಉಳಿಯುತ್ತವೆ, ಆದರೆ ಶುದ್ಧವಾದವು. ಬಫರ್ ಮಾಡುವ ಮೊದಲು ಕಡತ ಮೀಟರಿನಲ್ಲಿ ಅಳೆಯುವ ಯುಟಿಎಂ 43 ಉತ್ತರ ನಿರ್ದೇಶಾಂಕ ಪದ್ಧತಿಯಲ್ಲಿದೆಯೇ ನೋಡಿಕೊಳ್ಳಿ. ತಂತ್ರಾಂಶದಲ್ಲಿ ಅದರ ಗುರುತು (ಇಪಿಎಸ್‌ಜಿ) ಸಂಖ್ಯೆ 32643. ಅಕ್ಷಾಂಶ–ರೇಖಾಂಶದಲ್ಲೇ −10 ಕೊಟ್ಟರೆ ಅದು ಹತ್ತು ಡಿಗ್ರಿಯಾಗಿ, ತೋಟಗಳೇ ಮಾಯವಾಗುತ್ತವೆ.

ಎರಡನೆಯದು ನೆರಳು. ಸೆಂಟಿನೆಲ್‌-2 ನಮ್ಮ ಮೇಲೆ ಹಾದುಹೋಗುವುದು ಬೆಳಿಗ್ಗೆ ಹತ್ತೂವರೆಯ ಆಸುಪಾಸು. ಡಿಸೆಂಬರ್‌ನಲ್ಲಿ ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿ ತಗ್ಗಿನಲ್ಲಿರುತ್ತಾನೆ. ವಾಯವ್ಯಕ್ಕೆ ಮುಖಮಾಡಿದ ಇಳಿಜಾರು, ಅದರ ಬುಡದ ಕಣಿವೆ ಎರಡೂ ಕತ್ತಲೆ. ದಟ್ಟ ನಿತ್ಯಹರಿದ್ವರ್ಣ ಕಾಡೂ ಚಿತ್ರದಲ್ಲಿ ಕಡು ಬಣ್ಣವೇ. ಹೀಗೆ ನೆರಳಿನ ತೋಟ ಕಾಡಿನ ಪಾಲಾಗುತ್ತದೆ. ನಿಮ್ಮ ತೋಟದ ಯಾವ ಅರ್ಧ ಕಾಡಾಗಿದೆ ಎಂದು ನೋಡಿ. ಅದು ಆಗ್ನೇಯ ಅಂಚಿನದು, ಅದರಾಚೆ ಗುಡ್ಡ ಎದ್ದಿದೆ ಎಂದಾದರೆ ಕಾರಣ ಸಿಕ್ಕಿತು. ಫೆಬ್ರುವರಿ ಕೊನೆ, ಮಾರ್ಚ್ ಮೊದಲ ವಾರದ ಚಿತ್ರ ತೆಗೆದುಕೊಳ್ಳಿ. ಸೂರ್ಯ ಮೇಲೇರಿರುತ್ತಾನೆ. ಇನ್ನೊಂದು ಲಾಭವೂ ಇದೆ: ಆ ಹೊತ್ತಿಗೆ ಮತ್ತಿ, ಹೊನ್ನೆ, ನಂದಿ ಎಲೆ ಉದುರಿಸಿರುತ್ತವೆ, ಸೊಪ್ಪು ಕಡಿದ ಬೆಟ್ಟದಲ್ಲಿ ಹುಲ್ಲು ಒಣಗಿರುತ್ತದೆ, ನೀರು ಕಂಡ ತೋಟ ಮಾತ್ರ ಹಸಿರಾಗಿರುತ್ತದೆ. ನವೆಂಬರ್ ಕೊನೆಯದೊಂದು, ಫೆಬ್ರುವರಿಯದೊಂದು ಇಟ್ಟುಕೊಂಡರೆ ಎಲೆ ಉದುರುವ ಕಾಡಿನಿಂದ ಅಡಿಕೆ ಬೇರೆಯಾಗುತ್ತದೆ. ಆಗುಂಬೆ ಕಡೆಯ ಕಾನು, ನಿತ್ಯಹರಿದ್ವರ್ಣ ಕಾಡಿನಿಂದ ಮಾತ್ರ ಇಷ್ಟಕ್ಕೇ ಬೇರೆಯಾಗದು. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುವಲ್ಲಿ ಫೆಬ್ರುವರಿಯಲ್ಲೂ ಎಲ್ಲ ಹಸಿರೇ. ಅದಕ್ಕೇ ‘ಕಾಡು’ ಎಂಬ ಒಂದೇ ವರ್ಗ ಸಾಲದು. ನಿತ್ಯಹರಿದ್ವರ್ಣ, ಎಲೆ ಉದುರುವುದು, ಅಕೇಶಿಯಾ ನೆಡುತೋಪು, ಸೊಪ್ಪಿನ ಬೆಟ್ಟ ಎಂದು ಒಡೆದು ಕಲಿಸಿ, ಕೊನೆಗೆ ಬೇಕಾದರೆ ಕೂಡಿಸಿ.

ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ. 2022ರ ಜನವರಿ 25ರಿಂದ ಸೆಂಟಿನೆಲ್‌-2 ಚಿತ್ರಗಳ ಸಂಸ್ಕರಣೆಯಲ್ಲಿ ಪ್ರತಿ ಪಿಕ್ಸೆಲ್ ಮೌಲ್ಯಕ್ಕೆ 1,000 ಸೇರಿಸಲಾಗುತ್ತಿದೆ. ಪ್ರತಿಫಲನದ ಲೆಕ್ಕದಲ್ಲಿ ಅದು 0.1. ಹಸಿರು ಎಲೆಯ ಕೆಂಪು ಬ್ಯಾಂಡಿನ (ಕೆಂಪು ಬೆಳಕಿನ) ಪ್ರತಿಫಲನವೇ ಅದಕ್ಕಿಂತ ಕಡಿಮೆ. ನೀವು 2021 ಮತ್ತು 2023ರ ಚಿತ್ರಗಳನ್ನು ಹಾಗೇ ಬೆರೆಸಿದ್ದರೆ ಎರಡು ವರ್ಷದ ನಡುವೆ ಇಲ್ಲದ ಬದಲಾವಣೆಯೊಂದನ್ನು ಯಂತ್ರಕ್ಕೆ ತೋರಿಸಿದ್ದೀರಿ. ಗೂಗಲ್ ಅರ್ತ್ ಎಂಜಿನ್ ತಾಣ ಬಳಸಿದ್ದರೆ ಹೆಸರಿನಲ್ಲಿ ‘ಹಾರ್ಮೊನೈಸ್ಡ್’ ಎಂದಿರುವ ಸಂಗ್ರಹವನ್ನೇ ತೆಗೆದುಕೊಳ್ಳಿ, ಅಲ್ಲಿ ಇದನ್ನು ಕಳೆದೇ ಕೊಟ್ಟಿರುತ್ತಾರೆ. ನೀವೇ ಡೌನ್‌ಲೋಡ್ ಮಾಡಿದ್ದರೆ ಕಡತದ ಹೆಸರು ನೋಡಿ: ಎನ್0400 ಅಥವಾ ಅದಕ್ಕಿಂತ ಮೇಲಿನ ಸಂಖ್ಯೆ ಇದ್ದರೆ 1,000 ಕಳೆಯಬೇಕು. ಚಿತ್ರ ತೆಗೆದ ದಿನಾಂಕವನ್ನು ನಂಬಬೇಡಿ. ಹಳೇ ಚಿತ್ರಗಳನ್ನೂ ಮರುಸಂಸ್ಕರಿಸಿ ಹೊಸ ಸಂಖ್ಯೆಯಲ್ಲಿ ಬಿಟ್ಟಿದ್ದಾರೆ.

ನಾಲ್ಕನೆಯದು ಆ 12.5 ಮೀಟರಿನ ಡಿಇಎಂ. ಇಳಿಜಾರು, ಭೂಕುಸಿತದ ಎಷ್ಟೋ ಪ್ರಬಂಧಗಳಲ್ಲಿ ‘ಹೆಚ್ಚು ಸೂಕ್ಷ್ಮವಾದ ಆಲೋಸ್ ಡಿಇಎಂ’ ಎಂದು ಕಾಣುತ್ತದೆ. ಆಲೋಸ್‌ನ ರೇಡಾರ್ ಚಿತ್ರದ ಜೊತೆ ಬರುವ ಆ ಕಡತ ನಮ್ಮ ಅಕ್ಷಾಂಶದಲ್ಲಿ ಬೇರೇನಲ್ಲ, 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆ ಅಳೆದ ಎಸ್‌ಆರ್‌ಟಿಎಂ ದತ್ತಾಂಶವನ್ನೇ ಹಿಗ್ಗಿಸಿ 12.5 ಮೀಟರಿಗೆ ಕೂರಿಸಿದ್ದು. ಹೊಸ ವಿವರ ಒಂದು ಚೂರೂ ಇಲ್ಲ. ಅದರ ಎತ್ತರ ಸಮುದ್ರಮಟ್ಟದಿಂದ ಅಳೆದದ್ದೂ ಅಲ್ಲ, ದೀರ್ಘವೃತ್ತಜದಿಂದ (ಭೂಮಿಯ ಆಕಾರಕ್ಕೆ ಹೊಂದಿಸಿದ ಗಣಿತದ ಮೇಲ್ಮೈಯಿಂದ) ಅಳೆದದ್ದು. ದಕ್ಷಿಣ ಭಾರತದಲ್ಲಿ ಎರಡರ ನಡುವೆ ಎಂಬತ್ತು ಮೀಟರಿಗೂ ಮೇಲೆ ಅಂತರವಿದೆ. ಇಳಿಜಾರಿಗೆ ಇದರಿಂದ ತೊಂದರೆಯಿಲ್ಲ, ಆದರೆ ಎತ್ತರವನ್ನೇ ಒಂದು ಲಕ್ಷಣವಾಗಿ ಬಳಸಿ ‘ಸಮುದ್ರಮಟ್ಟದಿಂದ’ ಎಂದು ಬರೆದರೆ ಸಭೆಯಲ್ಲಿ ಯಾರಾದರೂ ಹಿಡಿಯುತ್ತಾರೆ. 30 ಮೀಟರಿನ ಎಸ್‌ಆರ್‌ಟಿಎಂ ಅಥವಾ ಇಸ್ರೋದ ಭುವನ್ ತಾಣದ ಕಾರ್ಟೋಡಿಇಎಂ ಬಳಸಿ, ಹಾಗೆಂದೇ ಬರೆಯಿರಿ. ಇವೂ ಮರದ ತಲೆಯ ಎತ್ತರವನ್ನು ನೆಲದ ಜೊತೆ ಬೆರೆಸಿಯೇ ಕೊಡುತ್ತವೆ, ಅದನ್ನೂ ಒಂದು ಸಾಲಿನಲ್ಲಿ ಹೇಳಿ.

ಇಷ್ಟೆಲ್ಲ ಸರಿಪಡಿಸಿದರೂ ಉಳಿಯುವ ತೊಡಕು ಬೇರೊಂದಿದೆ. ಒಂಬತ್ತಡಿ ಅಂತರದಲ್ಲಿ ನೆಟ್ಟ ತೋಟದ ಒಂದು ಗುಂಟೆಯಲ್ಲಿ ಹದಿಮೂರು–ಹದಿನಾಲ್ಕು ಅಡಿಕೆ ಮರ. ಆ ಪಿಕ್ಸೆಲ್ ಕೊಡುವುದು ಅವೆಲ್ಲದರ ಜೊತೆಗೆ ಮೆಣಸಿನ ಬಳ್ಳಿ, ಬಾಳೆ, ನಡುವೆ ಉಳಿಸಿಕೊಂಡ ಹಲಸು, ಎಲ್ಲದರ ಒಟ್ಟು ಬಣ್ಣ. ಎಲೆಚುಕ್ಕೆ ರೋಗಕ್ಕೆ ಸೋಗೆ ಒಣಗಿದ್ದರೆ ಅದೂ ಸೇರಿತು. ರೇಡಾರ್ ಸೇರಿಸುವ ಆಸೆ ನಿಮಗೆ ಬರಬಹುದು. ಸೆಂಟಿನೆಲ್‌-1ರ ತರಂಗ ಐದೂವರೆ ಸೆಂ.ಮೀ. ಆಸುಪಾಸಿನದು, ಹೆಚ್ಚಾಗಿ ಸೋಗೆಯ ಮೇಲ್ಭಾಗದಿಂದಲೇ ಮರಳುತ್ತದೆ. ಘಟ್ಟದ ಇಳಿಜಾರಿನಲ್ಲಿ ಅದಕ್ಕೆ ಮಾಡಬೇಕಾದ ತಿದ್ದುಪಡಿಯೇ ಒಂದು ಪ್ರಬಂಧದಷ್ಟಿದೆ. ಈ ಮೂರು ವಾರದಲ್ಲಿ ಅದಕ್ಕೆ ಕೈ ಹಾಕಬೇಡಿ.

ಟೋಪೋಶೀಟ್, ದಿಶಾಂಕ್

ತೋಟ ಹಳ್ಳದ ಆಚೆ ಹೋದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹಳೇ ಟೋಪೋಶೀಟ್‌ಗಳು (ತೀರ್ಥಹಳ್ಳಿಯದು 48 ಒ ಸರಣಿ, ಸಾಗರದ್ದು 48 ಎನ್) ಎವರೆಸ್ಟ್ 1830 ದೀರ್ಘವೃತ್ತಜದ ಮೇಲೆ ನಿಂತವು, ನಿಮ್ಮ ಮೊಬೈಲ್ ಡಬ್ಲ್ಯುಜಿಎಸ್‌ 84ರ ಮೇಲೆ. ಹಾಳೆಯ ಮೂಲೆಯ ಅಂಕಿಗಳನ್ನು ಡಬ್ಲ್ಯುಜಿಎಸ್ ಎಂದೇ ಕೊಟ್ಟು ಕೂರಿಸಿದರೆ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಮಿಕ್ಕಿ ಸರಿಯುತ್ತದೆ. ಕಲ್ಯಾಣಪುರ ಡೇಟಮ್ (ಆ ಹಾಳೆಗಳ ಅಳತೆಯ ಆಧಾರ) ಎಂದು ಕೊಟ್ಟು ಕೂರಿಸಿ, ಆಮೇಲೆ ಪರಿವರ್ತಿಸಿ. 2005ರ ರಾಷ್ಟ್ರೀಯ ನಕ್ಷಾ ನೀತಿಯ ನಂತರದ ಓಪನ್ ಸೀರೀಸ್ ಹಾಳೆ ಸಿಕ್ಕರೆ ಈ ಗೋಜೇ ಇಲ್ಲ, ಅವು ಡಬ್ಲ್ಯುಜಿಎಸ್‌ನಲ್ಲೇ ಇವೆ.

ಕರ್ನಾಟಕದ ಭೂದಾಖಲೆಯ ದಿಶಾಂಕ್ ಆ್ಯಪ್‌ನ ಸರ್ವೆ ನಂಬರ್ ಗೆರೆಗಳನ್ನು ಮಾತ್ರ ತರಬೇತಿಯ ಗಡಿಯಾಗಿ ಬಳಸಬೇಡಿ. ಸರಪಳಿ ಹಿಡಿದು ಅಳೆದ ಗ್ರಾಮ ನಕ್ಷೆಗಳನ್ನು ಸ್ಕ್ಯಾನ್ ಮಾಡಿ ಕೂರಿಸಿದ ಗೆರೆಗಳವು. ಯಾವ ಸರ್ವೆ ನಂಬರಿನ ಆಸುಪಾಸು ನಿಂತಿದ್ದೀರಿ ಎಂದು ತಿಳಿಯಲು ಅಡ್ಡಿಯಿಲ್ಲ. ಒಂದು ಗುಂಟೆ ಆಚೀಚೆ ಎಂದು ವಾದಿಸಲು ಅವು ಆಗುವುದಿಲ್ಲ.

ಎಷ್ಟು ಹೆಕ್ಟೇರ್ ಎಂದು ಬರೆಯುವ ಮೊದಲು

ಸಭೆಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಒಟ್ಟು ಅಡಿಕೆ ಎಷ್ಟು?’. ಪಿಕ್ಸೆಲ್ ಎಣಿಸಿ ಉತ್ತರ ಕೊಡಬೇಡಿ. ಒಂದು ಕಲ್ಪಿತ ಲೆಕ್ಕ ನೋಡಿ. ನಿಮ್ಮ ನಕ್ಷೆ ಒಟ್ಟು 1,00,000 ಹೆಕ್ಟೇರ್. ಅದರಲ್ಲಿ ಕಾಡು 70,000, ಅಡಿಕೆ 10,000, ಗದ್ದೆ 10,000, ಇತರೆ 10,000. ತರಬೇತಿಗೆ ಸಂಬಂಧವೇ ಇಲ್ಲದ 500 ಬಿಂದುಗಳನ್ನು ನಕ್ಷೆಯ ಮೇಲೆ ಯಾದೃಚ್ಛಿಕವಾಗಿ ಚೆಲ್ಲಿ: ಕಾಡಿನಲ್ಲಿ 250, ಅಡಿಕೆಯಲ್ಲಿ 100, ಗದ್ದೆಯಲ್ಲಿ 75, ಇತರೆಯಲ್ಲಿ 75. ಒಂದೊಂದನ್ನೂ ಗೂಗಲ್ ಅರ್ತ್‌ನ ಸೂಕ್ಷ್ಮ ಚಿತ್ರದಲ್ಲಿ ನೋಡಿ. ಅಡಿಕೆಯ ತಲೆ ಅಲ್ಲಿ ಸಾಲಾಗಿ ನಕ್ಷತ್ರದಂತೆ ಕಾಣುತ್ತದೆ, ಕಾಡಿನ ಮರದ ತಲೆ ಹೂಕೋಸಿನಂತೆ.

ಅಡಿಕೆ ಎಂದ 100ರಲ್ಲಿ 80 ನಿಜಕ್ಕೂ ಅಡಿಕೆ ಆಗಿದ್ದರೆ ಅಲ್ಲಿಂದ 8,000 ಹೆಕ್ಟೇರ್. ಕಾಡು ಎಂದ 250ರಲ್ಲಿ 5 ಅಡಿಕೆ ಸಿಕ್ಕರೆ ಅದು ಶೇ 2. ಆದರೆ ಕಾಡು 70,000 ಇರುವುದರಿಂದ 1,400 ಹೆಕ್ಟೇರ್. ಗದ್ದೆಯ 75ರಲ್ಲಿ 3 ಸಿಕ್ಕರೆ ಶೇ 4, ಅಂದರೆ 400. ಇತರೆಯಲ್ಲಿ ಸೊನ್ನೆ. ಒಟ್ಟು 9,800 ಹೆಕ್ಟೇರ್. ಪಿಕ್ಸೆಲ್ ಲೆಕ್ಕದ 10,000ಕ್ಕೆ ಹತ್ತಿರವೇ ಬಂತಲ್ಲ ಎನ್ನಬಹುದು. ಅನಿಶ್ಚಿತತೆ ಲೆಕ್ಕ ಹಾಕಿದರೆ ಶೇ 95 ವಿಶ್ವಾಸದಲ್ಲಿ ಆಚೀಚೆ ಸುಮಾರು 1,500 ಹೆಕ್ಟೇರ್ ಬರುತ್ತದೆ. ಆ 1,500ರ ಬಹುಪಾಲು ಬರುವುದು ಕಾಡಿನೊಳಗೆ ಸಿಕ್ಕ ಆ ಐದೇ ಐದು ಬಿಂದುಗಳಿಂದ. ಆ ಐದು ಎಂಥವು? ನಿಮ್ಮ ಅಪ್ಪನ ತೋಟದಂಥವು: ಇಕ್ಕಟ್ಟು ಕಣಿವೆ, ಮರದ ನೆರಳು, ಎರಡು ಕಡೆ ಗುಡ್ಡ. ಅವು ಎಲ್ಲಿವೆ, ಯಾವ ದಿಕ್ಕಿನ ಇಳಿಜಾರು, ಕಣಿವೆಯ ಅಗಲ ಎಷ್ಟು, ಫೆಬ್ರುವರಿ ಚಿತ್ರದಲ್ಲಿ ಸರಿಹೋಗುತ್ತವೆಯೇ ಎಂದು ತೋರಿಸಿದರೆ ಅದೇ ನಿಮ್ಮ ಪ್ರಬಂಧ. ಹತ್ತು ನಿಮಿಷದ ಮಂಡನೆಗೆ ಧಾರಾಳ ಸಾಕು.

ಕಾಡಿನೊಳಗಿನ ಬಿಂದುಗಳನ್ನು ಇಬ್ಬರು ಬೇರೆ ಬೇರೆ ಕೂತು ನೋಡಿ. ಇಬ್ಬರ ಉತ್ತರ ಬೇರೆಯಾದವನ್ನು ಮೂರನೆಯ ಸಲ ಒಟ್ಟಿಗೆ ನೋಡಿ, ಆಗಲೂ ತಿಳಿಯದವಕ್ಕೆ ಮಾತ್ರ ಬೈಕ್ ಹತ್ತಿ. ಸೂಕ್ಷ್ಮ ಚಿತ್ರದ ದಿನಾಂಕ ಬರೆದಿಟ್ಟುಕೊಳ್ಳಿ. 2017ರ ಗದ್ದೆ 2023ಕ್ಕೆ ತೋಟವಾಗಿರುವುದು ನಮ್ಮಲ್ಲಿ ಅಪರೂಪವಲ್ಲ.

ಎಲ್ಲಿಗೆ ಕಳಿಸುವುದು

‘ಎರಡು ಸಮ್ಮೇಳನ ಕಡ್ಡಾಯ’ ಎಂಬುದು ಯುಜಿಸಿಯ 2016ರ ನಿಯಮ: ಒಂದು ಜರ್ನಲ್ ಪ್ರಬಂಧ, ಎರಡು ಸಮ್ಮೇಳನ ಮಂಡನೆ. 2022ರ ನವೆಂಬರ್‌ನ ಹೊಸ ನಿಯಮದಲ್ಲಿ ಆ ಕಡ್ಡಾಯ ಹೋಗಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮದಲ್ಲಿ ಉಳಿಸಿಕೊಂಡಿರಬಹುದು. ಪಿಎಚ್‌.ಡಿ. ವಿಭಾಗದಲ್ಲಿ ನೀವು ನೋಂದಾಯಿಸಿದ ವರ್ಷದ ನಿಯಮಾವಳಿ ಕೇಳಿ ಪಡೆಯಿರಿ. ಗೈಡ್ ಜೊತೆ ವಾದ ಬೇಡ, ಹಾಳೆ ತೋರಿಸಿದರೆ ಸಾಕು.

ಭೂಮಾಹಿತಿಯ ಸಮ್ಮೇಳನಗಳೆಲ್ಲ ಒಂದೇ ಬಗೆಯವಲ್ಲ. ಭಾರತೀಯ ದೂರಸಂವೇದಿ ಸಂಘದ ವಾರ್ಷಿಕ ವಿಚಾರ ಸಂಕಿರಣ, ಭಾರತೀಯ ರಾಷ್ಟ್ರೀಯ ನಕ್ಷಾಶಾಸ್ತ್ರ ಸಂಘದ ಸಮಾವೇಶಗಳಲ್ಲಿ ಸಾಮಾನ್ಯವಾಗಿ ಸಾರಾಂಶ ನೋಡಿ ಆಯ್ಕೆ. ಕೇಳುಗರಲ್ಲಿ ಇಂಥದ್ದೇ ನಕ್ಷೆಗಳ ಮೇಲೆ ಕೆಲಸ ಮಾಡಿದವರು ಇರುತ್ತಾರೆ. ನಿಮ್ಮ ಈಗಿನ ಸ್ಥಿತಿಗೆ ಇದೇ ಸೂಕ್ತ. ವಿಮರ್ಶೆ ತೆಳುವಾಗಿರುವುದರಿಂದ ತಪ್ಪು ಯಾರ ಕಣ್ಣಿಗೂ ಬೀಳದೆ ಹೋಗುವ ಅಪಾಯ ಇದೆ. ಅದಕ್ಕೇ, ಭಾಷಣದ ಬದಲು ಪೋಸ್ಟರ್ ಕೊಟ್ಟರೂ ಬೇಸರ ಬೇಡ. ಪೋಸ್ಟರ್ ಮುಂದೆ ನಿಂತು ಇಪ್ಪತ್ತು ನಿಮಿಷ ಜಗಳವಾಡುವ ಒಬ್ಬರು ಸಿಕ್ಕರೆ ಸಭಾಂಗಣದ ಚಪ್ಪಾಳೆಗಿಂತ ಹೆಚ್ಚು ಪ್ರಯೋಜನ.

1910ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಐಎಸ್‌ಪಿಆರ್‌ಎಸ್ ಎಂಬ ಅಂತರರಾಷ್ಟ್ರೀಯ ದೂರಸಂವೇದಿ ಸಂಸ್ಥೆಯ ಸಭೆಗಳಲ್ಲಿ ಎರಡು ದಾರಿ: ಸಾರಾಂಶದ ಮೇಲೆ ಆಯ್ಕೆಯಾದವು ‘ಆರ್ಕೈವ್ಸ್’ ಸಂಪುಟಕ್ಕೆ, ಪೂರ್ಣ ಪ್ರಬಂಧವನ್ನು ಹೆಸರು ಮುಚ್ಚಿ ವಿಮರ್ಶಿಸಿ ಒಪ್ಪಿದವು ‘ಆನಲ್ಸ್’ಗೆ. 2018ರಲ್ಲಿ ಡೆಹ್ರಾಡೂನ್‌ನಲ್ಲೂ ಇದರದೊಂದು ಸಂಕಿರಣ ನಡೆದಿತ್ತು. ಮುಂದಿನ ವರ್ಷ ‘ಆನಲ್ಸ್’ಗೆ ಗುರಿ ಇಡಿ. ಐಇಇಇ ಸಂಸ್ಥೆಯ ಇಗಾರ್ಸ್, ಅದರ ಭಾರತೀಯ ರೂಪವಾದ ಇನ್‌ಗಾರ್ಸ್‌ನಲ್ಲಿ ನೆರಳಿನ ತಿದ್ದುಪಡಿ, ರೇಡಾರ್ ಎಂದು ಸಿಗ್ನಲ್ ಸಂಸ್ಕರಣೆಯ ಕಡೆ ಒತ್ತು. ಎಸಿಎಂ ಸಿಗ್‌ಸ್ಪೇಷಿಯಲ್ ಗಣಕ ವಿಜ್ಞಾನಿಗಳದು; ಇದ್ದ ವಿಧಾನವನ್ನು ಹೊಸ ತಾಲ್ಲೂಕಿಗೆ ಹಚ್ಚಿದ ಪ್ರಬಂಧ ಅಲ್ಲಿ ‘ಹೊಸದೇನು?’ ಎಂಬ ಒಂದೇ ಸಾಲಿನೊಂದಿಗೆ ವಾಪಸಾಗುತ್ತದೆ. 2000ದಲ್ಲಿ ಶುರುವಾದ ಜಿಐಸೈನ್ಸ್ ಹೆಚ್ಚು ಸೈದ್ಧಾಂತಿಕ. ನಿಮ್ಮ ಕೋಡ್ ಅನ್ನು ಕ್ಯೂಜಿಐಎಸ್ ಪ್ಲಗಿನ್ ಮಾಡಿದರೆ ಮುಕ್ತ ತಂತ್ರಾಂಶದವರ ಫಾಸ್‌ಫೋರ್‌ಜಿ ಇದೆ.

ಪೂರ್ಣ ಪ್ರಬಂಧ ಕೊಡುವ ಮೊದಲು ಒಂದು ಯೋಚನೆ. ಅದು ಸಮ್ಮೇಳನದ ನಡಾವಳಿ ಸಂಪುಟದಲ್ಲಿ ಅಚ್ಚಾದರೆ ಅದನ್ನೇ ಜರ್ನಲ್‌ಗೆ ಕಳಿಸಲಾಗದು. ಗಣನೀಯ ಹೊಸ ಕೆಲಸ ಸೇರಿರಬೇಕು. ಬರೀ ಸಾರಾಂಶ ಅಚ್ಚಾದರೆ ಸಾಮಾನ್ಯವಾಗಿ ತಕರಾರಿಲ್ಲ.

ಆ 9,500 ರೂಪಾಯಿಯ ಮೇಲ್: ಎರಡು ದಿನದಲ್ಲಿ ಇಬ್ಬರು ವಿಮರ್ಶಕರು ಓದಿ ಬರೆಯಲು ಆಗದು. ಇನ್ನೂ ನಡೆಯದ ಸಮ್ಮೇಳನದ ನಡಾವಳಿ ‘ಸ್ಕೋಪಸ್ ಇಂಡೆಕ್ಸ್ಡ್’ ಆಗಿರಲೂ ಆಗದು. ಹೆಚ್ಚೆಂದರೆ ಅದು ಅಚ್ಚಾಗುವ ಸರಣಿ ಹಿಂದೆ ಸೇರಿರಬಹುದು, ಈ ಸಲವೂ ಸೇರುತ್ತದೆ ಎಂಬ ಖಾತರಿ ಯಾರೂ ಕೊಡಲಾರರು. ಸರಣಿಯ ಹೆಸರು, ಅದರ ಐಎಸ್‌ಎಸ್‌ಎನ್ ಗುರುತು ಸಂಖ್ಯೆ ಕೇಳಿ ಸ್ಕೋಪಸ್‌ನ ಮೂಲಪಟ್ಟಿಯಲ್ಲಿ ನೀವೇ ಹುಡುಕಿ. ಒಂದೇ ಸಭೆಯಲ್ಲಿ ನ್ಯಾನೋ ತಂತ್ರಜ್ಞಾನ, ವಾಣಿಜ್ಯ, ಕಾನೂನು, ಜಿಐಎಸ್ ಎಲ್ಲ ಇದ್ದರೆ, ಹೆಸರಾಂತ ಸಮ್ಮೇಳನದ ಹೆಸರಿಗೆ ಒಂದು ಪದ ಅಂಟಿಸಿದ್ದರೆ, ಹಣ ವ್ಯಕ್ತಿಯ ಖಾತೆಗೆ ಕೇಳಿದ್ದರೆ ಮುಂದೆ ನೋಡುವುದೇ ಬೇಡ.

ಮೂರು ವಾರದಲ್ಲಿ ಏನೇನು

ಮೊದಲ ವಾರ ತೋಟಗಳನ್ನು ಒಳಕ್ಕೆ ಕುಗ್ಗಿಸಿ, 1,000ದ ತಿದ್ದುಪಡಿ ಮಾಡಿ, ಫೆಬ್ರುವರಿ ಚಿತ್ರ ಸೇರಿಸಿ, ಗುಂಪು ಕಟ್ಟಿ ಮರು ಓಡಿಸಿ. ಗಣಕದ ಕೆಲಸ ಎರಡು ದಿನದ್ದು, ಉಳಿದದ್ದು ತಪ್ಪು ಹುಡುಕಲು. ಎರಡನೇ ವಾರ 500 ಬಿಂದು. ದಿನಕ್ಕೆ ಎಪ್ಪತ್ತೈದಕ್ಕಿಂತ ಹೆಚ್ಚು ನೋಡಿದರೆ ಕಣ್ಣು ಸೋತು ಎಲ್ಲವೂ ಕಾಡಾಗಿಯೇ ಕಾಣುತ್ತದೆ. ಕೊನೆಯ ವಾರ ಬರವಣಿಗೆ. ಸಾರಾಂಶದಲ್ಲಿ ‘ಯಂತ್ರಕಲಿಕೆಯಿಂದ ಅತ್ಯುತ್ತಮ ಫಲಿತಾಂಶ’ ಎಂದು ಬರೆಯದೆ, ಎಷ್ಟು ತೋಟ, ಎಷ್ಟು ಗುಂಪು, ಅಡಿಕೆಯ ಎರಡು ಅಂಕಿ, ವಿಸ್ತೀರ್ಣ ಆಚೀಚೆ ಎಷ್ಟು, ಯಾವ ಬಗೆಯ ಕಣಿವೆಯಲ್ಲಿ ನಕ್ಷೆ ಸೋತಿತು ಎಂದು ಬರೆಯಿರಿ. ಹಳೇ ವಿಂಗಡಣೆಯ 96.2 ಅನ್ನೂ ಹೊಸ ಅಂಕಿಯ ಪಕ್ಕ ಇಡಬಹುದು, ವ್ಯತ್ಯಾಸ ತೋರಿಸಲು ಮಾತ್ರ.

ನೀವು ಕೇಳದ ಒಂದು ವಿಷಯ ಉಳಿಯಿತು. ನಕ್ಷೆಯ ‘ಕಾಡು’ ಎಂಬುದು ಮರದ ಹೊದಿಕೆ ಮಾತ್ರ, ಅರಣ್ಯ ಇಲಾಖೆಯ ಗಡಿಗೂ ಅದಕ್ಕೂ ಸಂಬಂಧವಿಲ್ಲ. ಸೊಪ್ಪಿನ ಬೆಟ್ಟದ ಹಕ್ಕು ಬೇರೆ, ಬಗರ್‌ಹುಕುಂ ಅರ್ಜಿಯ ಜಮೀನು ಬೇರೆ. ‘ಕಾಡಿನೊಳಗೆ 1,400 ಹೆಕ್ಟೇರ್ ಅಡಿಕೆ’ ಎಂಬ ಸಾಲು ಪೇಪರಿಗೆ ಹೋದರೆ ಮರುದಿನ ಅದು ಒತ್ತುವರಿಯ ಅಂಕಿಯಾಗಿರುತ್ತದೆ. ‘ಕಾಡೆಂದು ತಪ್ಪಾಗಿ ವರ್ಗೀಕರಣಗೊಂಡ ಅಡಿಕೆ’ ಎಂದೇ ಬರೆಯಿರಿ. ನಿಮಗೆ ತೋಟ ತೋರಿಸಿ ಕಾಫಿ ಕೊಟ್ಟ 42 ಮನೆಯವರ ಗಡಿ ಕಡತವನ್ನು ಪ್ರಬಂಧದ ಜೊತೆ ಹಾಕಬೇಡಿ. ಹೆಸರು, ಸರ್ವೆ ನಂಬರ್ ತೆಗೆದರೆ ಸಾಲದು. ನಿರ್ದೇಶಾಂಕ ತೆಗೆದು ಬ್ಯಾಂಡ್ ಮೌಲ್ಯಗಳನ್ನಷ್ಟೇ ಕೊಟ್ಟರೂ ಸಾಲದು: ಹತ್ತು ಬ್ಯಾಂಡಿನ ಮೌಲ್ಯ, ಚಿತ್ರದ ದಿನಾಂಕ ಎರಡೂ ಇದ್ದರೆ ಮೂಲ ಚಿತ್ರದಲ್ಲಿ ಆ ಗುಂಟೆಯನ್ನು ಹುಡುಕಿ ತೆಗೆಯಬಹುದು. ಹೋಬಳಿವಾರು ಮೊತ್ತ ಕೊಡಿ. ಬಿಂದುವೇ ಬೇಕೆಂದರೆ ಡಿಗ್ರಿಯನ್ನು ಎರಡು ದಶಮಾಂಶಕ್ಕೆ ಇಳಿಸಿ ಕೊಡಿ, ಸ್ಥಾನ ಸುಮಾರು ಒಂದು ಕಿಲೋಮೀಟರಿನಷ್ಟು ಮಸುಕಾಗುತ್ತದೆ. ಗಡಿ ಕಡತ ನಿಮ್ಮ ಬಳಿ, ಗೈಡ್ ಬಳಿ ಇರಲಿ. ವಿಮರ್ಶಕರು ಕೇಳಿದರೆ ಆ ಮನೆಗಳವರ ಒಪ್ಪಿಗೆ ಪಡೆದು ತೋರಿಸಿ.